ಅರಸನ ಮೇಜು ಮಾಡಿದ ಬಡಗಿ

ಒಂಬತ್ತನೆಯ ತರಗತಿಗೆ ಫ್ರಾನ್ಸಿನ ಮಹಾಕ್ರಾಂತಿಯ ಪಾಠವನ್ನು ಮೊದಲ ದಿನ ಮಾಡಿದಾಗ ಕಪ್ಪುಹಲಗೆಯ ತುಂಬ ಇಸವಿಗಳಿದ್ದವು. ಮಕ್ಕಳ ಮುಖದಲ್ಲಿ ಆಸಕ್ತಿ ಇರಲಿಲ್ಲ. ಮರುದಿನ ಅದೇ ಪಾಠವನ್ನು ಒಬ್ಬ ಬಡಗಿಯ ಬದುಕಿನ ಮೂಲಕ ಹೇಳಿದೆ. ಅವನೇ ಜಾಂ ಆಂರಿ ರೀಸನರ್.

ರೀಸನರ್ 1734ರಲ್ಲಿ ಜರ್ಮನಿಯ ಗ್ಲಾಡ್‌ಬೆಕ್‌ನಲ್ಲಿ ಜನಿಸಿದನು. ಪ್ಯಾರಿಸ್ಸಿಗೆ ಬಂದು, ಅರಮನೆಗೆ ಪೀಠೋಪಕರಣ ಮಾಡುತ್ತಿದ್ದ ಓಬೆನ್‌ನ ಕಾರ್ಯಾಗಾರ ಸೇರಿದನು. ಬಣ್ಣಬಣ್ಣದ ಮರದ ತೆಳುಪದರಗಳನ್ನು ಕತ್ತರಿಸಿ, ಜೋಡಿಸಿ ಹೂಗಳ ಚಿತ್ರ ಮೂಡಿಸುವ ಕಲೆ ಅಲ್ಲಿ ಕೈಹತ್ತಿತು. ಮೈಸೂರಿನ ಬೀಟೆಮರದ ಕುಸುರಿ ಚಿತ್ರಗಳನ್ನು ನೆನಪಿಸಿದಾಗ ಇದು ಮಕ್ಕಳಿಗೆ ಥಟ್ಟನೆ ಅರ್ಥವಾಯಿತು.

1760ರಲ್ಲಿ ಓಬೆನ್ ಹದಿನೈದನೆಯ ಲೂಯಿಗಾಗಿ ಬರೆಯುವ ಮೇಜೊಂದನ್ನು ಆರಂಭಿಸಿ, ಮುಗಿಸುವ ಮುನ್ನವೇ 1763ರಲ್ಲಿ ತೀರಿಕೊಂಡನು. ಕೆಲಸದ ಹೊಣೆ ರೀಸನರ್‌ನ ಹೆಗಲಿಗೆ ಬಂತು. 1767ರಲ್ಲಿ ಅವನು ಓಬೆನ್‌ನ ವಿಧವೆಯನ್ನು ಮದುವೆಯಾದನು. 1769ರಲ್ಲಿ ಮೇಜು ವರ್ಸೇಲ್ಸ್ ಅರಮನೆ ಸೇರಿತು. ಕೀಲಿಯನ್ನು ಒಮ್ಮೆ ತಿರುವಿದರೆ ಬಾಗಿದ ಮುಚ್ಚಳಕ್ಕೂ ಡ್ರಾಯರುಗಳಿಗೂ ಒಟ್ಟಿಗೇ ಬೀಗ. ಮೇಲೆ ಎರಡೂ ಕಡೆಯಿಂದ ಕಾಣುವ ಗಡಿಯಾರ. ಮೇಜಿನ ಮೇಲೆ ರೀಸನರ್‌ನ ಹೆಸರೂ ಇದೆ.

1774ರಲ್ಲಿ ಅವನು ಅರಸನ ಅಧಿಕೃತ ಬಡಗಿಯಾದನು. ಅವನ ಕೆಲಸ ದುಬಾರಿ. 1784ರ ಹೊತ್ತಿಗೆ ಬೊಕ್ಕಸ ಬರಿದಾಗುತ್ತಿದ್ದುದರಿಂದ ಅರಮನೆ ಅಗ್ಗದ ಕುಶಲಿಗಳತ್ತ ತಿರುಗಿತು. ರಾಣಿ ಮರಿ ಆಂತ್ವಾನೆತ್ ಮಾತ್ರ ಅವನನ್ನು ಬಿಡಲಿಲ್ಲ. 1789ರಲ್ಲಿ ಕ್ರಾಂತಿಯಾಯಿತು. ಅರಮನೆಯ ಸಾಮಾನು ಹರಾಜಿಗೆ ಬಂದಾಗ ರೀಸನರ್ ತಾನೇ ಮಾಡಿದ್ದ ಕೆಲವನ್ನು ಕೊಂಡನು. ಆದರೆ ಜನರ ಅಭಿರುಚಿ ಬದಲಾಗಿತ್ತು, ಅವು ಮಾರಾಟವಾಗಲಿಲ್ಲ. 1794ರಲ್ಲಿ, ತಾನು ಮಾಡಿದ ಪೀಠೋಪಕರಣಗಳಿಂದಲೇ ರಾಜಲಾಂಛನಗಳನ್ನು ಕಿತ್ತುಹಾಕುವ ಕೆಲಸ ಅವನ ಪಾಲಿಗೆ ಬಂತು. 1806ರಲ್ಲಿ ಅವನು ಪ್ಯಾರಿಸ್ಸಿನಲ್ಲಿ ಕೊನೆಯುಸಿರೆಳೆದನು.

ಇಲ್ಲಿಗೆ ಬಂದಾಗ, ಬಡಗಿಯ ಮಗನೊಬ್ಬ ಎದ್ದುನಿಂತು, ತನ್ನ ಕೈಕೆಲಸವನ್ನು ತಾನೇ ಕೀಳಲು ಅವನಿಗೆ ಮನಸ್ಸಾದರೂ ಹೇಗೆ ಬಂತು ಎಂದು ಕೇಳಿದ. ನಾನು ಬಾಯಿ ತೆರೆಯುವ ಮೊದಲೇ ಹಿಂದಿನ ಬೆಂಚಿನ ಹುಡುಗಿ, ಬೇರೆಯವರು ಕಿತ್ತಿದ್ದರೆ ಮರವೇ ಸೀಳುತ್ತಿತ್ತು, ಅವನಾದ್ದರಿಂದ ಮೇಜು ಉಳಿಯಿತು ಎಂದಳು. ಹೊಟ್ಟೆಪಾಡು, ಭಯ, ಪ್ರೀತಿ ಎಲ್ಲವೂ ಚರ್ಚೆಗೆ ಬಂದವು. ಗಂಟೆ ಬಾರಿಸಿತು, ಪಾಠಯೋಜನೆಯ ಮೌಲ್ಯಮಾಪನದ ಹಂತ ಉಳಿದೇಹೋಯಿತು. ಮಾರ್ಗದರ್ಶಕರು ಅದಕ್ಕೆ ಅಂಕ ಕಳೆದರು, ತಪ್ಪು ನನ್ನದೇ.

ಆ ಮೇಜು ಇಂದಿಗೂ ವರ್ಸೇಲ್ಸ್‌ನಲ್ಲಿದೆ. ಮಾರನೆಯ ದಿನ ಕ್ರಾಂತಿಯ ಇಸವಿ ಕೇಳಿದೆ. ಹಲಗೆಯ ಮೇಲೆ ಏನೂ ಬರೆದಿರಲಿಲ್ಲ. ಇಡೀ ತರಗತಿ ಕೈ ಎತ್ತಿತು.