ವಕೀಲಿಕೆ ಬಿಟ್ಟು ಮೇಷ್ಟ್ರಾದ ‘ಮೀಸೆ ಅಮ್ಮ’ ಗಿಜುಭಾಯಿ

ನವೆಂಬರ್ 14 ಮಕ್ಕಳ ದಿನಾಚರಣೆ ಅಂತ ಎಲ್ಲರಿಗೂ ಗೊತ್ತು. ಅದರ ಮರುದಿನ, ನವೆಂಬರ್ 15, ಮಕ್ಕಳಿಗಾಗಿಯೇ ಬದುಕಿದ ಇನ್ನೊಬ್ಬರ ಜನ್ಮದಿನ. ಅವರು ಗುಜರಾತಿನ ಗಿಜುಭಾಯಿ ಬಧೇಕಾ. ದೊಡ್ಡ ಮೀಸೆ, ಅಮ್ಮನಂಥ ಮನಸ್ಸು. ಹಾಗಾಗಿ ಅಲ್ಲಿನ ಜನ ಇವರನ್ನು ಮೀಸೆ ಇರೋ ಅಮ್ಮ ಅಂತಲೇ ಕರೆದರು.

1885ರಲ್ಲಿ ಸೌರಾಷ್ಟ್ರದ ಚಿತ್ತಲ್ ಎಂಬ ಊರಲ್ಲಿ ಹುಟ್ಟಿದ ಗಿಜುಭಾಯಿ 1907ರಲ್ಲಿ ದುಡಿಮೆಗಾಗಿ ಪೂರ್ವ ಆಫ್ರಿಕಾಕ್ಕೆ ಹೋದರು. ವಾಪಸ್ ಬಂದು ಮುಂಬೈಯಲ್ಲಿ ಕಾನೂನು ಓದಿ ವಕೀಲರಾದರು. 1913ರಲ್ಲಿ ಮಗ ಹುಟ್ಟಿದ. ಅಲ್ಲಿಂದ ಶುರುವಾಯ್ತು ಚಿಂತೆ. ಆಗಿನ ಶಾಲೆ ಅಂದ್ರೆ ಬೆತ್ತ ಮತ್ತು ಬಾಯಿಪಾಠ. ಮಗನನ್ನು ಅಂಥ ಕಡೆ ಕಳಿಸೋದು ಹೇಗೆ? ದಾರಿ ಹುಡುಕುತ್ತಿದ್ದಾಗ ಇಟಲಿಯ ಮಾರಿಯಾ ಮಾಂಟೆಸ್ಸರಿ ಅವರ ವಿಚಾರಗಳು ಓದಲು ಸಿಕ್ಕವು. 1916ರಲ್ಲಿ ಭಾವನಗರದ ದಕ್ಷಿಣಾಮೂರ್ತಿ ಸಂಸ್ಥೆ ಸೇರಿದರು. ವಕೀಲಿಕೆ ಹಿಂದೆ ಉಳಿಯಿತು. 1920ರಲ್ಲಿ ಅಲ್ಲೇ ಪುಟ್ಟ ಮಕ್ಕಳಿಗಾಗಿ ಬಾಲಮಂದಿರ ಆರಂಭವಾಯ್ತು.

ಹೊಡೆತ ಇಲ್ಲ, ಹೋಲಿಕೆ ಇಲ್ಲ

ಬಾಲಮಂದಿರದಲ್ಲಿ ಹೊಡೆಯೋ ಹಾಗಿಲ್ಲ, ಹೆದರಿಸೋ ಹಾಗಿಲ್ಲ. ಒಂದು ಮಗುವನ್ನು ಇನ್ನೊಂದರ ಜೊತೆ ಹೋಲಿಸೋ ಹಾಗೂ ಇಲ್ಲ. ಮಾಂಟೆಸ್ಸರಿ ಪದ್ಧತಿಯನ್ನು ಗಿಜುಭಾಯಿ ಕಣ್ಮುಚ್ಚಿ ನಕಲು ಮಾಡಲಿಲ್ಲ. ಅದಕ್ಕೆ ಊರಿನ ಜನಪದ ಕಥೆ, ಹಾಡು, ನಾಟಕ, ಮಣ್ಣಿನ ಕೆಲಸ ಸೇರಿಸಿದರು. ಬಡವರ ಮಕ್ಕಳಿಗೂ ಎಟುಕಬೇಕು ಅನ್ನೋದು ಅವರ ಹಟ.

ಇದೆಲ್ಲ ಮಾಮೂಲಿ ಶಾಲೆಯಲ್ಲಿ ನಡೆಯುತ್ತಾ? ಈ ಪ್ರಶ್ನೆಗೆ ಉತ್ತರವಾಗಿ ಬರೆದದ್ದೇ ‘ದಿವಾಸ್ವಪ್ನ’, ಅಂದರೆ ಹಗಲುಗನಸು. ಲಕ್ಷ್ಮೀರಾಮ್ ಎಂಬ ಮೇಷ್ಟ್ರು ಅಧಿಕಾರಿಯನ್ನು ಕೇಳಿಕೊಂಡು ನಾಲ್ಕನೇ ತರಗತಿಯನ್ನು ಒಂದು ವರ್ಷಕ್ಕೆ ಪಡೆಯುವ ಕಥೆ ಇದು. ಮೊದಲ ದಿನವೇ ಮೇಷ್ಟ್ರು ಸೋಲುತ್ತಾರೆ. ಸುಮ್ಮನಿರುವ ಆಟ ಆಡಿಸಲು ಹೋದರೆ ಮಕ್ಕಳು ಗಲಾಟೆ ಎಬ್ಬಿಸುತ್ತಾರೆ. ಮರುದಿನ ಕಥೆ ಹೇಳ್ತಾರೆ. ತರಗತಿ ತಾನಾಗಿ ಸುಮ್ಮನಾಗುತ್ತೆ.

ಅಲ್ಲಿಂದ ಒಂದೊಂದೇ ಹೆಜ್ಜೆ. ಕಥೆ ಕೇಳುವ ಆಸೆ ಓದುವ ಆಸೆಯಾಗುತ್ತೆ. ಎಲ್ಲರೂ ಒಂದೇ ಪಠ್ಯಪುಸ್ತಕ ಕೊಳ್ಳುವ ಬದಲು ಬೇರೆ ಬೇರೆ ಕಥೆಪುಸ್ತಕ ಸೇರಿ ತರಗತಿಗೇ ಒಂದು ಲೈಬ್ರರಿ ಆಗುತ್ತೆ. ಯಾರಿಗೆ ಎಷ್ಟು ಬರುತ್ತೋ ಅಷ್ಟು ಓದಬಹುದು. ವ್ಯಾಕರಣ ಆಟವಾಗುತ್ತೆ, ಇತಿಹಾಸ ಕಥೆಯಾಗುತ್ತೆ. ಉಗುರು, ಕೂದಲು, ಬಟ್ಟೆ ಚೊಕ್ಕಟ ಇಡೋದೂ ಪಾಠವೇ.

ಜೊತೆಯ ಮೇಷ್ಟ್ರುಗಳು ನಗುತ್ತಾರೆ. ಇದು ಕಲಿಸೋದಾ, ಆಡಿಸೋದಾ ಅಂತ ಅನುಮಾನ. ಪರೀಕ್ಷೆಯ ಭಯ ಬೇರೆ. ಪುಸ್ತಕದ ಮೇಷ್ಟ್ರಿಗೆ ಎದುರಾದ ಈ ಅನುಮಾನ ಇವತ್ತಿನ ಶಾಲೆಗಳಲ್ಲೂ ಇದೆ. ಪುಸ್ತಕ ಗುಜರಾತಿಯಿಂದ ದೇಶದ ಹಲವು ಭಾಷೆಗಳಿಗೆ ಹೋಗಿದೆ.

ನಮ್ಮೂರ ಅಂಗನವಾಡಿಗೂ ನಂಟು

ಬಾಲಮಂದಿರದಲ್ಲಿ ಗಿಜುಭಾಯಿ ಜೊತೆ ದುಡಿದವರಲ್ಲಿ ತಾರಾಬಾಯಿ ಮೋಡಕ್ ಒಬ್ಬರು. ಅವರು ಮುಂದೆ ಮಹಾರಾಷ್ಟ್ರದ ಬೋರ್ಡಿ, ಕೋಸಬಾಡದ ಹಳ್ಳಿಗಳಲ್ಲಿ, ಆದಿವಾಸಿಗಳ ಮನೆ ಅಂಗಳದಲ್ಲೇ ಬಾಲವಾಡಿ ನಡೆಸಿದರು. ಮಕ್ಕಳು ಶಾಲೆಗೆ ಬಾರದಿದ್ದರೆ ಶಾಲೆಯೇ ಅಂಗಳಕ್ಕೆ ಹೋಯ್ತು. ನಮ್ಮ ಊರೂರಿನ ಅಂಗನವಾಡಿಯ ಹೆಸರಿನಲ್ಲೂ ಅದೇ ಅಂಗಳ ಇದೆ.

1939ರ ಜೂನ್ 23ರಂದು ಗಿಜುಭಾಯಿ ತೀರಿಕೊಂಡರು. ವಯಸ್ಸು ಇನ್ನೂ 53. ಅದೇ ವರ್ಷದ ಕೊನೆಗೆ ಮಾಂಟೆಸ್ಸರಿ ಭಾರತಕ್ಕೆ ಬಂದರು.

ಇವತ್ತು ಮಾಂಟೆಸ್ಸರಿ ಹೆಸರು ತಾಲ್ಲೂಕು ಕೇಂದ್ರಗಳ ಶಾಲಾ ಬೋರ್ಡುಗಳ ಮೇಲೂ ಕಾಣುತ್ತೆ. ಗಿಜುಭಾಯಿ ಹೆಸರು ಅಷ್ಟಾಗಿ ಕಾಣಲ್ಲ. ಆದರೆ ಅವರು ಹೇಳಿದ್ದಕ್ಕೆ ಬೋರ್ಡೂ ಬೇಡ, ಡೊನೇಷನ್ನೂ ಬೇಡ. ದಡ್ಡ ಅಂತ ಹಿಂದಿನ ಬೆಂಚಿಗೆ ಕಳಿಸಿದ ಮಗುವಿಗೆ ದಿನಕ್ಕೊಂದು ಕಥೆ ಹೇಳಿ, ಪಕ್ಕದವರ ಮಗುವಿನ ಜೊತೆ ಹೋಲಿಸದೆ ಇದ್ದರೆ ಸಾಕು. ಅಷ್ಟನ್ನು ಮೇಷ್ಟ್ರೂ ಮಾಡಬಹುದು, ಅಪ್ಪ ಅಮ್ಮನೂ ಮಾಡಬಹುದು.