ಶ್ರೀಮತಿ ಅನಸೂಯಾಬೆನ್ ಸಾರಾಭಾಯಿ

ತಿಂಗಳ ಸಂಬಳವನ್ನೇ ನಂಬಿ ಪರಸ್ಥಳದಲ್ಲಿ ಸಂಸಾರ ಹೂಡಿದ ನಮಗೆ, ಧಾನ್ಯದ ಧಾರಣೆ ಏರಿದಾಗಿನ ಸಂಕಟ ತಿಳಿಯದ್ದೇನಲ್ಲ. ಆ ಸಂಕಟಕ್ಕೆ ದನಿಯಾದ ಮಹಿಳೆಯೊಬ್ಬರನ್ನು ಈ ಶುಭ ಸಂದರ್ಭದಲ್ಲಿ ನಾವು ನೆನೆಯೋಣ.

ಅನಸೂಯಾಬೆನ್ 1885ರಲ್ಲಿ ಅಹಮದಾಬಾದಿನ ಗಿರಣಿ ಮಾಲೀಕರ ಮನೆತನದಲ್ಲಿ ಜನಿಸಿದರು. ಎಳವೆಯಲ್ಲೇ ತಂದೆತಾಯಿಗಳನ್ನು ಕಳೆದುಕೊಂಡರು. 13ನೆಯ ವಯಸ್ಸಿನಲ್ಲಾದ ಮದುವೆ ಬಾಳಲಿಲ್ಲ. ತಮ್ಮನಾದ ಅಂಬಾಲಾಲರ ನೆರವಿನಿಂದ ಇಂಗ್ಲೆಂಡಿಗೆ ಹೋಗಿ ಬಂದರು. ಒಂದು ಮುಂಜಾನೆ, 36 ಗಂಟೆ ಎಡೆಬಿಡದೆ ದುಡಿದು ಬಳಲಿ ಬರುತ್ತಿದ್ದ ಹೆಂಗಸರನ್ನು ಕಂಡರು. ಅಂದಿನಿಂದ ಅವರ ಬಾಳು ಕೆಲಸಗಾರರಿಗೆ ಮೀಸಲಾಯಿತು.

1917ರ ಪ್ಲೇಗಿನಲ್ಲಿ ಕೆಲಸಗಾರರು ಊರು ಬಿಡದಿರಲೆಂದು ಮಾಲೀಕರು ವಿಶೇಷ ಬೋನಸ್ ಕೊಟ್ಟಿದ್ದರು. 1918ರಲ್ಲಿ ಅದನ್ನು ನಿಲ್ಲಿಸಿದರು. ಮಹಾಯುದ್ಧದಿಂದ ಏರಿದ ಬೆಲೆಗಳು ಮಾತ್ರ ಇಳಿದಿರಲಿಲ್ಲ. ಕೆಲಸಗಾರರು ಕೂಲಿಯಲ್ಲಿ ಶೇಕಡಾ 35ರ ಹೆಚ್ಚಳ ಕೇಳಿದರು. ಮಾಲೀಕರು 20ಕ್ಕಿಂತ ಮೇಲೇರಲಿಲ್ಲ. ಮಾಲೀಕರ ಮುಂದಾಳು ಅಂಬಾಲಾಲರೇ! ಅಕ್ಕನಾದರೋ ಗಾಂಧೀಜಿಯವರೊಡನೆ ಕೆಲಸಗಾರರ ಪಕ್ಷದಲ್ಲಿ ನಿಂತರು. ಹಸಿವಿನಿಂದ ಮುಷ್ಕರ ಸಡಿಲಗೊಂಡಾಗ ಗಾಂಧೀಜಿಯವರು ಉಪವಾಸ ಕೈಕೊಂಡರು. ಮೂರು ದಿನಗಳಲ್ಲಿ ರಾಜಿಯಾಯಿತು. ಕೊನೆಗೆ ಪಂಚರ ತೀರ್ಪು 35ನ್ನೇ ಎತ್ತಿಹಿಡಿಯಿತು.

1920ರಲ್ಲಿ ಅನಸೂಯಾಬೆನ್ ಮುಂದಾಳುತನದಲ್ಲಿ ಮಜೂರ್ ಮಹಾಜನ ಸಂಘ ಸ್ಥಾಪನೆಯಾಯಿತು. 1972ರಲ್ಲಿ ಅವರು ನಿಧನರಾದರು. ಸ್ವಂತ ಮನೆಯ ಲಾಭಕ್ಕಿಂತ ನೆರೆಯವರ ಅನ್ನ ದೊಡ್ಡದೆಂದು ಬಾಳಿ ತೋರಿಸಿದ ಅವರಿಗೆ ನಮ್ಮ ನಮನಗಳು.