ಕೊಳಚೆಯನ್ನು ತಿಳಿಗೊಳಿಸಿದ ವಿಜ್ಞಾನಿ

ಇಂಗ್ಲೆಂಡಿನ ಮ್ಯಾಂಚೆಸ್ಟರ್ ನಗರ ಹತ್ತಿ ಗಿರಣಿಗಳಿಂದ ಲೋಕಪ್ರಸಿದ್ಧವಾಯಿತು. ಆದರೆ ಅಲ್ಲಿನ ಗಿರಣಿಗಳ, ಬಣ್ಣದ ಕಾರ್ಖಾನೆಗಳ, ಕಲ್ಲಿದ್ದಲಿನಿಂದ ಅನಿಲ ತೆಗೆಯುವ ಕಾರ್ಖಾನೆಗಳ ಹೊಲಸು ಚರಂಡಿಗಳಲ್ಲಿ ಹರಿದು ನದಿಗಳನ್ನು ಕೆಡಿಸುತ್ತಿತ್ತು. ಆ ನಗರದ ಕೊಳಚೆ ನೀರನ್ನು ಶುದ್ಧಗೊಳಿಸುವ ಕಾರ್ಯದಲ್ಲಿ ತೊಡಗಿದ್ದ ರಸಾಯನ ವಿಜ್ಞಾನಿ, 1868ರಲ್ಲಿ ಜನಿಸಿದ ಗಿಲ್ಬರ್ಟ್ ಜಾನ್ ಫೌಲರ್. ಜನರು ಮೂಗು ಮುಚ್ಚಿಕೊಂಡು ದೂರ ಸರಿಯುವ ವಸ್ತುವನ್ನೇ ಅವರು ತಮ್ಮ ವ್ಯಾಸಂಗದ ವಿಷಯವನ್ನಾಗಿ ಮಾಡಿಕೊಂಡರು.

ಅನಿಲ ಕಾರ್ಖಾನೆಗಳ ನೀರಿನಲ್ಲಿ ಫೀನಾಲ್ ಎಂಬ ವಿಷವಸ್ತುವಿರುತ್ತದೆ. ರೋಗಾಣುಗಳನ್ನು ಕೊಲ್ಲಲು ಅಂದಿನ ವೈದ್ಯರು ಬಳಸುತ್ತಿದ್ದುದೂ ಇದನ್ನೇ. ಇಂತಹ ವಿಷವನ್ನು ಒಡೆದುಹಾಕಬಲ್ಲ ಬ್ಯಾಕ್ಟೀರಿಯಗಳೂ ಉಂಟೆಂಬುದನ್ನು 1910ರ ಸುಮಾರಿನಲ್ಲಿ ಫೌಲರ್ ಅವರು ಆರ್ಡರ್ನ್ ಮತ್ತು ಲಾಕೆಟ್ ಎಂಬ ಸಹೋದ್ಯೋಗಿಗಳೊಡನೆ ಪ್ರಯೋಗದಿಂದ ತೋರಿಸಿದರು.

1912ರಲ್ಲಿ ಅವರು ಅಮೆರಿಕದ ಲಾರೆನ್ಸ್ ಪ್ರಯೋಗಕೇಂದ್ರಕ್ಕೆ ಹೋಗಿದ್ದರು. ಅಲ್ಲಿ ಸೀಸೆಗಳಲ್ಲಿದ್ದ ಕೊಳಚೆಗೆ ಗಾಳಿಯೂದುವುದನ್ನು ಕಂಡು, ಮರಳಿದ ಮೇಲೆ ಅದೇ ಬಗೆಯ ಪ್ರಯೋಗವನ್ನು ಆರ್ಡರ್ನ್ ಮತ್ತು ಲಾಕೆಟರಿಗೆ ಸೂಚಿಸಿದರು. ಮೊದಲ ಸಲ ನೀರು ಶುದ್ಧವಾಗಲು ಸುಮಾರು ಐದು ವಾರಗಳು ಹಿಡಿದವು. ಇಷ್ಟು ನಿಧಾನವಾದರೆ ಯಾವ ನಗರಕ್ಕೂ ಪ್ರಯೋಜನವಿಲ್ಲ. ಆಗ ಅವರು ತಳದಲ್ಲಿ ನಿಂತ ಕೆಸರನ್ನು ಚೆಲ್ಲದೆ, ಅದರ ಮೇಲೆಯೇ ಹೊಸ ಕೊಳಚೆಯನ್ನು ಸುರಿದು ಗಾಳಿಯೂದಿದರು. ನಮ್ಮ ಮನೆಗಳಲ್ಲಿ ನಿನ್ನೆಯ ಮೊಸರನ್ನು ತುಸು ಉಳಿಸಿ ಹಾಲಿಗೆ ಹೆಪ್ಪು ಹಾಕುವುದಿಲ್ಲವೆ? ಇದೂ ಹಾಗೆಯೇ. ಕೆಸರಿನಲ್ಲಿ ಬ್ಯಾಕ್ಟೀರಿಯಗಳು ಸಲಸಲಕ್ಕೂ ಹೆಚ್ಚಿದವು. ಕಾಲಾವಧಿ ಇಳಿಯುತ್ತ ಬಂದು ಕೊನೆಗೆ ಒಂದು ದಿನದೊಳಗೇ ನೀರು ತಿಳಿಯಾಯಿತು. 1914ರಲ್ಲಿ ಪ್ರಕಟವಾದ ಪ್ರಬಂಧದ ಕರ್ತೃಗಳು ಆ ಇಬ್ಬರೇ. ಸೂಚನೆಯಿತ್ತ ಫೌಲರ್ ಅವರ ಹೆಸರು ಆ ಸಾಲಿನಲ್ಲಿಲ್ಲ.

1916ರಲ್ಲಿ ಫೌಲರ್ ಅವರು ಬೆಂಗಳೂರಿಗೆ ಬಂದು, ಯಶವಂತಪುರದ ಸಮೀಪದಲ್ಲಿರುವ ಭಾರತೀಯ ವಿಜ್ಞಾನ ಮಂದಿರದಲ್ಲಿ ಪ್ರಾಧ್ಯಾಪಕರಾದರು. 1921ರಲ್ಲಿ ಅಲ್ಲಿ ಜೀವರಸಾಯನ ವಿಭಾಗ ಆರಂಭವಾದಾಗ ಅವರೇ ಅದರ ಮೊದಲ ಮುಖ್ಯಸ್ಥರು. ಇಂಗ್ಲೆಂಡಿನ ನಗರಗಳಿಗೆ ಕೆಸರನ್ನು ಎಲ್ಲಿ ಸಾಗಿಸುವುದೆಂಬುದೇ ದೊಡ್ಡ ಚಿಂತೆಯಾಗಿತ್ತು. ಅದರಲ್ಲಿ ಬೆಳೆಗೆ ಬೇಕಾದ ಸಾರಜನಕವಿರುವುದನ್ನು ಫೌಲರ್ ಅವರು ಬಲ್ಲವರಾಗಿದ್ದರು. ತಿಪ್ಪೆಗುಂಡಿಯ ಬೆಲೆಯನ್ನು ನಮ್ಮ ರೈತನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅದರ ಹಿಂದಿನ ರಸಾಯನ ಶಾಸ್ತ್ರವನ್ನು ಬಿಡಿಸಿ ಹೇಳುವ ಕೆಲಸ ಮಾತ್ರ ಉಳಿದಿತ್ತು. ಸಾರಜನಕದ ಸಂರಕ್ಷಣೆಯನ್ನು ಕುರಿತ ಅವರ ಗ್ರಂಥ 1934ರಲ್ಲಿ ಹೊರಬಂದಿತು. 1953ರಲ್ಲಿ ಅವರು ತೀರಿಕೊಂಡರು.

ವಿಜ್ಞಾನ ಮಂದಿರದಿಂದ ಕೆಲವೇ ಮೈಲಿಗಳ ದೂರದಲ್ಲಿ, ಹೆಬ್ಬಾಳದ ತ್ಯಾಜ್ಯನೀರು ಶುದ್ಧೀಕರಣ ಘಟಕದಲ್ಲಿ ಇಂದಿಗೂ ಕೊಳಚೆಗೆ ಗಾಳಿಯನ್ನು ಊಡುತ್ತಾರೆ. ತಳಕ್ಕಿಳಿದ ಕೆಸರಿನಲ್ಲಿ ಒಂದು ಪಾಲನ್ನು ಮರುದಿನದ ಹೆಪ್ಪಿನಂತೆ ತೊಟ್ಟಿಗೆ ಹಿಂದಿರುಗಿಸುತ್ತಾರೆ.